ಒಳಗಿನ ಮಾತು

ಚಟ್ಟದ ಮುಂದಿನ ಬಲಗೋಲಿಗೆ ಮೂವರು ಒಟ್ಟಿಗೇ ಕೈಹಾಕಿದ್ದರು. ಯಾರೂ ಬಿಡುವ ಹಾಗೆ ಕಾಣಲಿಲ್ಲ.

“ಬುಡ್ಲಾ ಬಸವಣ್ಣ. ಈ ಮಗ್ಗದ ಮನೇಲಿ ಮೊದಲು ಬಂದು ಬಿದ್ದೋನು ನಾನು,” ಎಂದ ಗೋವಿಂದಯ್ಯ. ಅವನು ಅದೇ ಬೀದಿಯ ನೇಕಾರ. ಟವೆಲನ್ನು ಸಿಂಬಿ ಸುತ್ತಿ ಆಗಲೇ ಹೆಗಲ ಮೇಲಿಟ್ಟುಕೊಂಡಿದ್ದ.

“ಮೊದಲು ಬಂದ್ರೆ ಏನಾಯ್ತು? ನೀನು ಒಂದೇ ಸಾರಿಗೆ ನೆಟ್ಟಗಾಗಿ ಎದ್ದೋದೆ. ನನ್ನನ್ನ ಅಯ್ಯ ಎರಡು ಸಾರಿ ನೆಟ್ಟಗೆ ಮಾಡುದ್ರು. ಯಾರ ಋಣ ದೊಡ್ಡದು, ನೀನೇ ಯೋಳು,” ಎಂದ ಹನೂರಿನ ಬಸವಣ್ಣ.

ಮೂರನೆಯವನು ಮಧುವನಹಳ್ಳಿಯ ದೊಡ್ಡಮಾದಯ್ಯ, ಬೇಸಾಯದವನು. ಅವನು ಕೋಲು ಬಿಡದೆಯೇ ಹೇಳಿದ: “ಹೆಂಡದಂಗ್ಡಿ ಮುಂದೂ ಇಂಗೇ ನುಗ್ತಿದ್ರಿ, ಎಣದ ಮುಂದೂ ಇಂಗೇ ನುಗ್ತೀರಲ್ರೋ.”

ಬೀದಿಯಲ್ಲಿ ನಿಂತಿದ್ದವರು ನಕ್ಕರು. ನಕ್ಕಮೇಲೆ ಜಗುಲಿಯ ಮೇಲೆ ಮಲಗಿದ್ದವನ ನೆನಪಾಗಿ ತಲೆ ತಗ್ಗಿಸಿದರು.

ಚಿಕ್ಕಸಿದ್ದಯ್ಯನಿಗೆ ಸ್ನಾನ ಮಾಡಿಸಿ, ಹೊಸ ಪಂಚೆ ಉಡಿಸಿ, ಹಣೆಗೆ ವಿಭೂತಿ ಬಳಿದಿದ್ದರು. ನಿನ್ನೆ ಮಧ್ಯಾಹ್ನ ಮಗ್ಗದ ಮುಂದೆ ಕೂತಿದ್ದವನು ಹಾಗೇ ಪಕ್ಕಕ್ಕೆ ಒರಗಿ ಹೋಗಿಬಿಟ್ಟಿದ್ದ. ಅರವತ್ತು ದಾಟಿದ ರೇಷ್ಮೆ ನೇಕಾರ. ಕೊಳ್ಳೇಗಾಲದ ಮಗ್ಗದ ಬೀದಿಗಳಲ್ಲಿ ಅಂಥವರು ಮನೆಗೊಬ್ಬರು ಸಿಗುತ್ತಿದ್ದರು. ಬೇರೆಯವರಿಗಿಲ್ಲದ ಒಂದು ಕೆಲಸವನ್ನು ಮಾತ್ರ ಅವನು ಮೈಮೇಲೆ ಹಾಕಿಕೊಂಡಿದ್ದ. ಕುಡಿತ ಬಿಡಲಾಗದ ಗಂಡಸರನ್ನು, ಒಂದು ಸಲಕ್ಕೆ ಒಬ್ಬನಂತೆ, ಹಿತ್ತಲ ಮಗ್ಗದ ಮನೆಯಲ್ಲಿ ನಲವತ್ತೆಂಟು ದಿನ ತನ್ನ ಜೊತೆ ಇಟ್ಟುಕೊಳ್ಳುತ್ತಿದ್ದ. ಔಷಧಿಯಿಲ್ಲ, ಮಂತ್ರವಿಲ್ಲ. ನೂಲಿನ ಕೆಲಸ, ಮುದ್ದೆ, ಮಾತು, ಅಷ್ಟೇ. ಅಷ್ಟು ದಿನವೂ ಆ ಮನುಷ್ಯನನ್ನು ಒಬ್ಬನನ್ನೇ ಬಿಡುವಂತಿಲ್ಲ. ಹಾಗಂತ ಬಾಗಿಲಿಗೆ ಅಗುಳಿ ಹಾಕುವಂತೆಯೂ ಇಲ್ಲ. ಹೆಂಗಸರಂತೂ ಹೊಸಿಲು ದಾಟುವಂತೆಯೇ ಇರಲಿಲ್ಲ.

ಹೆಂಡತಿ ದೇವೀರಮ್ಮ ಕಂಬಕ್ಕೆ ಒರಗಿ ಕೂತಿದ್ದಳು. ಬಂದವರೆಲ್ಲ “ಅವ್ವಾ” ಎಂದು ಅವಳ ಕಾಲು ಮುಟ್ಟಿದ್ದರು. ಎಲ್ಲರಿಗೂ ಅವಳು ಅನ್ನ ಹಾಕಿದ್ದಳು. ಅವರಲ್ಲಿ ಒಬ್ಬನೂ ಅವಳ ಮುಖವನ್ನು ನೇರವಾಗಿ ನೋಡುತ್ತಿರಲಿಲ್ಲ. ಎಂದೂ ನೋಡಿದವರಲ್ಲ. ಯಾಕೆಂದು ಅವಳಿಗೆ ತಿಳಿದಿರಲಿಲ್ಲ.

ಅಷ್ಟರಲ್ಲಿ ಮೈದುನ ಗುರುಸ್ವಾಮಿಯ ಗಾಡಿ ಬಂದು ನಿಂತಿತು. ಹುಲ್ಲು ಸರಿಸಿ ಅವನು ಮೂರು ಮಡಕೆ ಇಳಿಸಿದ. ಬಾಯಿಗೆ ಬಾಳೆಲೆ ಕಟ್ಟಿದ್ದರೂ ಹುಳಿ ವಾಸನೆ ಬೀದಿಗೆಲ್ಲ ಹರಡಿತು. ಕೊಳ್ಳೇಗಾಲ ಆಗ ಮದರಾಸು ಸರ್ಕಾರಕ್ಕೆ ಸೇರಿತ್ತು; ಅಲ್ಲಿ ಹೆಂಡ ಸಾರಾಯಿ ನಿಂತು ಕೆಲವು ವರ್ಷಗಳಾಗಿದ್ದವು. ಹತ್ತು ಮೈಲಿಯಾಚೆಯ ಯಳಂದೂರು ಮೈಸೂರು ಸೀಮೆ. ಅಲ್ಲಿ ಅಂಗಡಿ ತೆರೆದೇ ಇತ್ತು.

“ಗುರುಸ್ವಾಮಣ್ಣ, ದಾರೀಲಿ ಪೊಲೀಸ್ನೋರು ಇಡೀಲಿಲ್ವಾ?” ಎಂದಳು ಪಕ್ಕದ ಮನೆಯ ಚನ್ನಮಲ್ಲಮ್ಮ.

“ಉಲ್ಲಿಗೆ ಕೋಲು ಚುಚ್ಚಿ ನೋಡುದ್ರು. ಮಡಕೆ ನನ್ನ ಕಾಲಡಿ ಉಲ್ಲಲ್ಲಿದ್ವು.”

ಗೋವಿಂದಯ್ಯ ಕೋಲು ಬಿಟ್ಟು ಬಂದ. “ಯಾರ ಎಣ ಇದು ಅಂತ ಗ್ಯಾನ ಅದಾ ನಿಂಗೆ? ಈ ಎಣದ ಇಂದೆ ಹೆಂಡದ ಮಡಕೆ ತತ್ತೀಯಾ?”

“ನಂಗೂ ಅಣ್ಣನೇ ಕಣಯ್ಯ,” ಎಂದ ಗುರುಸ್ವಾಮಿ. “ಗುಣಿ ತೋಡ್ದೋರಿಗೆ, ತಮಟೆಯೋರಿಗೆ, ಹೆಗಲು ಕೊಟ್ಟೋರಿಗೆ ಒಂದೊಂದು ಚಿಪ್ಪು ಹೆಂಡ ಕೊಡದೆ ಈ ಬೀದೀಲಿ ಯಾರನ್ನ ಕಳಿಸಿವಿ? ನಮ್ಮಪ್ಪನ್ನ ಕಳಿಸಿದ್ವಾ? ನಾಳೆ ಅವರು, ತಮ್ಮ ಅನ್ನಿಸಿಕೊಂಡೋನು ಅಣ್ಣನ್ನ ಒಣಬಾಯಲ್ಲಿ ಮಣ್ಣು ಮಾಡ್ದ ಅನ್ನಲ್ವಾ? ನಿಮಗೆ ಬ್ಯಾಡ್ದಿದ್ರೆ ಬುಡಿ. ನಿಮ್ಮ ಬಾಯಿಗೆ ಯಾರು ಸುರಿತಾರೆ?” ಹೇಳುತ್ತ ಹೇಳುತ್ತ ಅವನ ದನಿ ಒಡೆಯಿತು. ಎರಡು ಮಡಕೆಯನ್ನು ಗುಣಿಯ ಹತ್ತಿರ ಹಂಚಲು ಮತ್ತೆ ಗಾಡಿಗೇರಿಸಿ, ಒಂದನ್ನು ತಿರುಗಿ ಬಂದ ಮೇಲೆ ಬೇಕಾದೀತೆಂದು ಹಿತ್ತಲ ಕೊಟ್ಟಿಗೆಯಲ್ಲಿಟ್ಟ.

ಕೊಟ್ಟಿಗೆಯ ಪಕ್ಕದಲ್ಲೇ ಮಗ್ಗದ ಮನೆ. ಅದರ ಬಾಗಿಲಲ್ಲಿ ಮುತ್ತಯ್ಯ ನಿಂತಿದ್ದ.

ಅವನು ಪಾಲಾರ್ ಕಡೆಯ ತಮಿಳು ಬೆರೆತ ಮಾತಿನವನು, ಕಾಡಿನಿಂದ ಬಿದಿರು ಸಾಗಿಸುವ ಗಾಡಿಯಾಳು. ಅವನನ್ನು ಹೆಂಡತಿ ಅಷ್ಟು ದೂರ ನಡೆಸಿಕೊಂಡು ಬಂದು ಬಿಟ್ಟು ಹೋಗಿದ್ದಳು. ಇದು ಮೂರನೆಯ ಸಲ. ಮೊದಲೆರಡು ಸಲವೂ ಅರ್ಧಕ್ಕೇ ಓಡಿಹೋಗಿ ಗಡಿ ದಾಟಿ ಕುಡಿದು ಬಿದ್ದಿದ್ದ. “ಇವನು ಆಗೋನಲ್ಲ, ಬುಟ್ಟುಬುಡಿ ಅಯ್ಯ,” ಎಂದು ಎಲ್ಲರೂ ಹೇಳಿದ್ದರು. ಚಿಕ್ಕಸಿದ್ದಯ್ಯ ಕೇಳಿರಲಿಲ್ಲ. ಇವತ್ತಿಗೆ ಹತ್ತೊಂಬತ್ತನೆಯ ದಿನ. ಅಯ್ಯ ಒರಗಿದ್ದು ಅವನ ಎದುರಿಗೇ. ಆವಾಗಿನಿಂದ ಅವನು ಕಣ್ಣು ಮುಚ್ಚಿರಲಿಲ್ಲ.

“ನಾನೂ ಹೆಗಲು ಕೊಡ್ತೀನಿ,” ಎಂದ ಮುತ್ತಯ್ಯ. ಕಣ್ಣು ಕೊಟ್ಟಿಗೆಯ ಕಡೆಗಿತ್ತು.

“ನೀನು ಬರಂಗಿಲ್ಲ ಕಣ್ಲಾ,” ಎಂದ ಗೋವಿಂದಯ್ಯ. “ಗುಣಿ ತಾವ ಚಿಪ್ಪು ಕೈಗೆ ಬಂದ್ರೆ ಈಸ್ಕಳದೆ ಇದ್ದೀಯಾ? ಅಲ್ಲಿಗೆ ಮುಗೀತು ನಿನ್ನ ಕತೆ. ಬಸವಣ್ಣ ನಿನ್ನ ಜೊತೆಗೆ ಇರ್ತಾನೆ.”

“ನಾನಾ? ನೀನಿದ್ದೀಯಾ ಅಂದ್ಕಂಡಿದ್ದೆ,” ಎಂದ ಬಸವಣ್ಣ.

ಇಬ್ಬರೂ ದೊಡ್ಡಮಾದಯ್ಯನ ಕಡೆ ನೋಡಿದರು. ದೊಡ್ಡಮಾದಯ್ಯ ಚಟ್ಟದ ಕೋಲನ್ನು ಇನ್ನೂ ಗಟ್ಟಿಯಾಗಿ ಹಿಡಿದುಕೊಂಡ.

*

ಹತ್ತೊಂಬತ್ತು ವರ್ಷದ ಹಿಂದೆ ಚಿಕ್ಕಸಿದ್ದಯ್ಯನೂ ಕುಡಿಯುತ್ತಿದ್ದ. ಆಗ ಅಂಗಡಿ ಊರಲ್ಲೇ ಇತ್ತು. ಮಗಳು ಚಿಕ್ಕತಾಯಿಗೆ ಮೂರು ವರ್ಷ. ಒಂದು ದಿನ ಸಂಜೆ ಮಗುವಿಗೆ ಚಳಿಜ್ವರ ಏರಿ ಹಲ್ಲು ಕಟಕಟ ಅನ್ನತೊಡಗಿತು. ದೇವೀರಮ್ಮ ಸೀಸೆ ತೊಳೆದು ಗಂಡನ ಕೈಗೆ ಕೊಟ್ಟು ಆಸ್ಪತ್ರೆಗೆ ಅಟ್ಟಿದಳು.

ಅವನು ಬಂದದ್ದು ಮರುದಿನ ಬಿಸಿಲೇರಿದ ಮೇಲೆ. ಸೀಸೆ ಖಾಲಿಯಾಗಿತ್ತು. “ಡಾಕ್ಟ್ರು ಇರ್ನಿಲ್ಲ,” ಎಂದ. ಬಾಯಿಂದ ವಾಸನೆ ಬರುತ್ತಿತ್ತು. ಅಷ್ಟು ಹೊತ್ತಿಗೆ ಮಗುವನ್ನು ಬಿಳಿ ಬಟ್ಟೆಯಲ್ಲಿ ಸುತ್ತಿಯಾಗಿತ್ತು.

ದೇವೀರಮ್ಮ ಏನೂ ಕೇಳಲಿಲ್ಲ. ಅಂಗಡಿಗೆ ಹೋಗಿದ್ದನೆಂದು ಅವಳಿಗೆ ಗೊತ್ತಿತ್ತು. ಅದನ್ನು ಅವನ ಬಾಯಿಂದ ಕೇಳಬೇಕಿತ್ತು, ಅಷ್ಟೇ. ಹೇಳುತ್ತಾನೆಂದು ಕಾದಳು.

ತಿಂಗಳು ಕಳೆಯಿತು. ಒಂದು ಬೆಳಿಗ್ಗೆ ಚಿಕ್ಕಸಿದ್ದಯ್ಯ ಮಗ್ಗದ ಮನೆಗೆ ಹೋಗಿ ಬಾಗಿಲೆಳೆದುಕೊಂಡ. ಬರಲೇ ಇಲ್ಲ. ಗೋಡೆಯಲ್ಲೊಂದು ಚಿಕ್ಕ ಕಿಂಡಿ. ಅದರಲ್ಲಿ ಅವಳು ಮುದ್ದೆ ಇಟ್ಟಳು, ನೀರು ಇಟ್ಟಳು. ಒಳಗಿನಿಂದ ಒಮ್ಮೆ ಕೂಗಾಟ, ಒಮ್ಮೆ ವಾಂತಿಯ ಸದ್ದು, ಆಮೇಲಾಮೇಲೆ ಲಾಳಿಯ ಸದ್ದು. ನಲವತ್ತೆಂಟು ದಿನದ ಮೇಲೆ ಹೊರಗೆ ಬಂದ. ಗಡ್ಡ ಮುಖ ತುಂಬಿತ್ತು. ಕೈ ನಡುಗುತ್ತಿರಲಿಲ್ಲ. ಅವಳ ಎದುರಿಗೆ ಬಂದು ನಿಂತ. ಬಾಯಿ ತೆರೆದ. ಈಗ ಹೇಳುತ್ತಾನೆ ಎಂದುಕೊಂಡು ಅವಳು ಸೆರಗಿನ ತುದಿ ಹಿಡಿದುಕೊಂಡಳು.

“ಸಾರು ದಿನಾ ಚೆನ್ನಾಗಿತ್ತು,” ಎಂದ.

ಮುಂದಿನ ವರ್ಷ ಗೋವಿಂದಯ್ಯನ ಹೆಂಡತಿ ಗಂಡನನ್ನು ಎಳೆದುಕೊಂಡು ಬಂದು ಬಾಗಿಲಲ್ಲಿ ಕೂತಳು. ಅಲ್ಲಿಂದ ಶುರು. ಹೆಂಗಸರು ಒಳಗೆ ಯಾಕೆ ಬರಬಾರದು ಎಂದು ದೇವೀರಮ್ಮ ಒಂದೇ ಒಂದು ಸಲ ಕೇಳಿದ್ದಳು.

“ಹೆಂಡ್ತಿ ಕಂಡ್ರೆ ಗಂಡ್ಸು ಆಣೆ ಇಡ್ತಾನೆ, ತಾಯಿ ಕಂಡ್ರೆ ಅಳ್ತಾನೆ,” ಎಂದಿದ್ದ ಚಿಕ್ಕಸಿದ್ದಯ್ಯ. “ಅತ್ತು, ಆಣೆ ಇಟ್ಟು ಆದ್ಮೇಲೆ ಎಲ್ಲಾ ಸರಿಯೋಯ್ತು ಅಂತ ಎದ್ದೋಗಿ ಕುಡೀತಾನೆ. ನಾನೂ ಅಂಗೇ ಮಾಡಿವ್ನಿ. ಕುಡುಕನ ಮುಂದೆ ಕುಡುಕನ ಆಟ ನಡೆಯಕಿಲ್ಲ ಕಣೆ.”

ದಿನಾ ಬೆಳಿಗ್ಗೆ ಕಿಂಡಿಯಲ್ಲಿ ತಟ್ಟೆ ಇಡುವಾಗ ಒಳಗೆ ಮಾತು ನಡೆದಿರುತ್ತಿತ್ತು. ಮೊದಲು ಗಂಡನ ದನಿ, ತಗ್ಗಿದ್ದು, ನಿಧಾನದ್ದು. ಅಷ್ಟು ಹೊತ್ತು ಅವನು ಮನೆಯಲ್ಲಿ ಎಂದೂ ಮಾತಾಡಿದವನಲ್ಲ. ಮಾತು ಪಿಸುಗುಟ್ಟಿದ ಹಾಗೆ ಕೇಳಿಸುತ್ತಿತ್ತು, ಏನೆಂದು ತಿಳಿಯುತ್ತಿರಲಿಲ್ಲ. ತಟ್ಟೆ ಇಟ್ಟ ಮೇಲೂ ಅವಳು ಗೋಡೆಗೆ ಅಂಗೈ ಊರಿ ಸ್ವಲ್ಪ ಹೊತ್ತು ನಿಲ್ಲುತ್ತಿದ್ದಳು. ಆಮೇಲೆ ಒಲೆಯ ನೆನಪಾಗುತ್ತಿತ್ತು.

*

“ನಾನು ಕೂರ್ತೀನಿ,” ಎಂದಳು ದೇವೀರಮ್ಮ.

ಜಗಳ ನಿಂತಿತು. ಅವಳು ಕಂಬ ಹಿಡಿದು ಎದ್ದಿದ್ದಳು.

“ಏನಂದೆ ಅತ್ತಿಗಮ್ಮ? ಹೆಂಡ್ತಿ ಇಡಿ ಮಣ್ಣು ಆಕದೆ ಗುಣಿ ಮುಚ್ಚಕಾಯ್ತದಾ?” ಎಂದ ಗುರುಸ್ವಾಮಿ. “ನಡಿ ನಡಿ. ಅವನು ಓಡೋದ್ರೆ ಓಡೋಗ್ಲಿ. ಇವತ್ತು ನಿನ್ನ ಗಂಡನ್ನ ನೋಡು.”

“ಅವ್ವಾ, ನಾನೇ ಇರ್ತೀನಿ. ನೀವು ಓಗಿ,” ಎಂದ ಗೋವಿಂದಯ್ಯ. ಹೇಳಿ ಸಿಂಬಿಯನ್ನು ಹೆಗಲಿನಿಂದ ತೆಗೆದ. ಅದನ್ನು ಬಿಚ್ಚುವಾಗ ಅವನ ಗಲ್ಲ ಅದುರುತ್ತಿತ್ತು.

ದೇವೀರಮ್ಮ ಅವನ ಮುಖ ನೋಡಿದಳು. ಅವನ ಪಾಲಿಗೆ ಸತ್ತದ್ದು ತಂದೆಯೇ. ಆದರೆ ತಾನು ಎದ್ದದ್ದು ಅದಕ್ಕಲ್ಲ ಎಂದು ಅವಳಿಗೆ ಗೊತ್ತಿತ್ತು. ಬಾಯಿಂದ ಮಾತು ಹೊರಟ ಮೇಲೆ, ಎಷ್ಟು ದಿನದಿಂದ ಅದು ಅಲ್ಲೇ ಕೂತಿತ್ತು ಎಂದು ಅವಳಿಗೇ ಆಶ್ಚರ್ಯವಾಯಿತು.

“ಹೆಗಲು ಕೊಡೋಕೆ ನಂಗೆ ಬರಕಿಲ್ಲ, ಬೆರಳಲ್ಲಿ ನೂಲು ಹುರಿಯಕೆ ಬತ್ತದೆ,” ಎಂದಳು. “ನನ್ನ ಪಾಲಿನ ಮಣ್ಣನ್ನೂ ನೀನೇ ಆಕು ಗೋವಿಂದಯ್ಯ.”

“ಹೆಂಗಸರು ಒಳಗೆ... ಅಯ್ಯ ಏಳಿದ್ರಲ್ಲವ್ವ...”

“ನಿಮ್ಮಯ್ಯ ಇಲ್ಲಿ ಮಲಗವ್ರೆ. ಬ್ಯಾಡ ಅಂದ್ರೆ ಎದ್ದು ಅನ್ನಲಿ.”

ಚನ್ನಮಲ್ಲಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ನಕ್ಕಳೋ ಅತ್ತಳೋ ತಿಳಿಯಲಿಲ್ಲ.

ದೇವೀರಮ್ಮ ಗಂಡನ ಹತ್ತಿರ ಬಂದು ಬಗ್ಗಿದಳು. ಏನೋ ಹೇಳುತ್ತಾಳೆಂದು ಎಲ್ಲರೂ ಹತ್ತಿರ ಸರಿದರು. ಅವಳು ಅವನ ಕಿವಿಯ ಹಿಂದೆ ಉಳಿದಿದ್ದ ಸೀಗೆಪುಡಿಯನ್ನು ಬೆರಳಿನಿಂದ ಒರೆಸಿದಳು. ಅಷ್ಟೇ. ತಮಟೆ ಶುರುವಾಯಿತು. ನಾಲ್ವರು ಎತ್ತಿದರು, ಮುಂದಿನ ಬಲಗೋಲನ್ನು ಬಸವಣ್ಣನೂ ದೊಡ್ಡಮಾದಯ್ಯನೂ ಮಾತಿಲ್ಲದೆ ಗೋವಿಂದಯ್ಯನಿಗೆ ಬಿಟ್ಟಿದ್ದರು. ಬೀದಿಯ ತಿರುವಿನಲ್ಲಿ ಚಟ್ಟ ಮರೆಯಾಗುವ ತನಕ ಅವಳು ನಿಂತಿದ್ದು, ಹಿತ್ತಲಿಗೆ ನಡೆದಳು.

*

ಗಂಡ ಒಮ್ಮೆ ಹೇಳಲು ಹೊರಟಿದ್ದ. ಅದು ಆರು ವರ್ಷದ ಹಿಂದಿನ ಮಾತು.

ಮಗ್ಗದ ಮನೆಯಲ್ಲಿ ಯಾರೂ ಇಲ್ಲದ ದಿನಗಳು ಅಪರೂಪ. ಅಂಥ ಒಂದು ದಿನ, ದೀಪ ಹಚ್ಚುವ ಹೊತ್ತು. ಅವಳು ಜಗುಲಿಯ ಮೇಲೆ ಕೂತು ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಚಿಕ್ಕಸಿದ್ದಯ್ಯ ಬಂದು ಪಕ್ಕದಲ್ಲಿ ಕೂತ. ಮೊಣಕೈ ತಾಗುವಷ್ಟು ಹತ್ತಿರ. ಅವಳು ರಾಟೆ ನಿಲ್ಲಿಸಲಿಲ್ಲ, ನಿಲ್ಲಿಸಿದರೆ ಎದ್ದು ಹೋಗಬಹುದೆಂದು.

“ದೇವೀ,” ಎಂದ. ಹೆಸರು ಹಿಡಿದು ಕರೆದು ಎಷ್ಟೋ ವರ್ಷವಾಗಿತ್ತು. “ದೇವೀ, ಅವತ್ತು ಆಸ್ಪತ್ರೆ ತಾವ...”

ಅಷ್ಟರಲ್ಲಿ ಬೀದಿಯಲ್ಲಿ ಗದ್ದಲವಾಯಿತು. ಹನೂರಿನಿಂದ ಯಾರೋ ಒಬ್ಬನನ್ನು ಗಾಡಿಯಲ್ಲಿ ಕೈಕಾಲು ಕಟ್ಟಿ ಮಲಗಿಸಿಕೊಂಡು ತಂದಿದ್ದರು. ಅವನು ಬಸವಣ್ಣ. ಚಿಕ್ಕಸಿದ್ದಯ್ಯ ಎದ್ದು ಹೋದ. ಹೋಗುವಾಗ ತಿರುಗಿ ನೋಡಿದ.

ಮಾರನೆಯ ದಿನವೂ ಅವಳು ಅದೇ ಹೊತ್ತಿಗೆ ಅದೇ ಜಾಗದಲ್ಲಿ ರಾಟೆ ಇಟ್ಟುಕೊಂಡು ಕೂತಳು. ಅದರ ಮಾರನೆಯ ದಿನವೂ. ನೂಲು ಇಲ್ಲದ ದಿನ ಬರೀ ರಾಟೆ ತಿರುಗಿಸುತ್ತ ಕೂತದ್ದೂ ಉಂಟು.

*

ಮಗ್ಗದ ಮನೆ ಅವಳು ಎಣಿಸಿದ್ದಕ್ಕಿಂತ ಚಿಕ್ಕದಾಗಿತ್ತು. ಎರಡು ಚಾಪೆ, ಒಂದು ನೀರಿನ ಗಡಿಗೆ, ಮಗ್ಗ. ಇದಕ್ಕಾಗಿಯೇ ಇಷ್ಟು ವರ್ಷ ಎಂದು ಅವಳು ಸುತ್ತ ನೋಡಿದಳು.

ಮುತ್ತಯ್ಯ ಮಗ್ಗದ ಹಿಂದೆ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದ. ಮಗ್ಗದ ಉದ್ದೆಳೆಗಳ ಹಳೆಯ ಹಾಸು ಮುಗಿದು ಹೊಸ ಹಾಸು ಕೂಡಿಸುವ ಕೆಲಸ ಅರ್ಧಕ್ಕೆ ನಿಂತಿತ್ತು. ಹಳೆಯ ಒಂದೊಂದು ಎಳೆಗೂ ಹೊಸ ಒಂದೊಂದು ಎಳೆಯನ್ನು ಸೇರಿಸಿ, ಬೂದಿ ಹಚ್ಚಿದ ಬೆರಳಲ್ಲಿ ಹೊಸೆದು ಹುರಿಯಬೇಕು. ಒಬ್ಬ ಎಳೆ ಕೊಡುವವನು, ಒಬ್ಬ ಹುರಿಯುವವನು. ಎರಡು ಸಾವಿರಕ್ಕೆ ಮೇಲ್ಪಟ್ಟ ಎಳೆ. ಕೊಡುವವನ ಕೈ ನಡುಗಿ ಒಂದೆಳೆ ಆಚೀಚೆಯಾದರೆ, ಅಲ್ಲಿಂದ ಮುಂದಿನದೆಲ್ಲ ತಪ್ಪು. ಚಿಕ್ಕಸಿದ್ದಯ್ಯ ಕುಡುಕರಿಗೆ ಕೊಡುತ್ತಿದ್ದದ್ದು ಇದೇ ಕೆಲಸ.

ದೇವೀರಮ್ಮ ಗಂಡ ಕೂರುತ್ತಿದ್ದ ಮಣೆಯ ಮೇಲೆ ಕೂತು ಬೆರಳನ್ನು ಬೂದಿಗೆ ಅದ್ದಿದಳು.

“ಕೊಡಪ್ಪ,” ಎಂದಳು.

ಮುತ್ತಯ್ಯ ಒಂದೆಳೆ ಕೊಟ್ಟ. ಹುರಿದಳು. ಇನ್ನೊಂದು ಕೊಟ್ಟ. ಮೂರನೆಯದು ಅವನ ಬೆರಳಿನಲ್ಲೇ ತುಂಡಾಯಿತು. ದೂರದಲ್ಲಿ ತಮಟೆ ಬಡಿಯುತ್ತಿತ್ತು. ಗಾಳಿ ತಿರುಗಿದಾಗ ಕೊಟ್ಟಿಗೆಯ ಹುಳಿ ವಾಸನೆ ಬಾಗಿಲ ಸಂದಿಯಿಂದ ಒಳಗೆ ಬಂತು. ಮುತ್ತಯ್ಯ ತುಂಡಾದ ಎಳೆಯನ್ನು ಕೆಳಗಿಟ್ಟ.

“ಅವ್ವಾ, ಒಂದು ಗಳಿಗೆ ಬೇಲಿ ಕಡೆ ಓಗಿಬತ್ತೀನಿ.”

“ಓಗು.”

“ನಿಮ್ಮಾಣೆ. ಮಡಕೆ ಕಡೆ ತಿರುಗೂ ನೋಡಕಿಲ್ಲ. ನನ್ನ ಕರ್ಕಬಂದ ಪೊಂಡಾಟಿ ಆಣೆ, ಆ ಮಾದೇಶ್ವರನಾಣೆ...”

“ಆಣೆ ಯಾಕಪ್ಪ ಇಡ್ತೀಯ? ನಾನು ಬ್ಯಾಡ ಅಂದ್ನಾ?”

ಅವನು ಎದ್ದು ನಿಂತ.

“ಅಯ್ಯನೇ ಓಗ್ಬುಟ್ರು ಅವ್ವ. ಇನ್ನು ಯಾರ ಮುಂದೆ ನಾನು ನೆಟ್ಟಗಾಗ್ಬೇಕು?” ಎಂದ. ಇದು ಆಣೆಯ ದನಿಯಲ್ಲ, ಬೇರೆ ದನಿ. ಬಾಗಿಲ ತನಕ ಹೋದ. ಅಗುಳಿಯಿಲ್ಲದ ಬಾಗಿಲು. ಅವನ ತೋಳು ಅವಳ ತೊಡೆಯಷ್ಟು ದಪ್ಪವಿತ್ತು. ಹಿಡಿದು ನಿಲ್ಲಿಸುವುದು ಆಗದ ಮಾತು. ಅವನು ಈಗ ಹೊಸಿಲು ದಾಟಿದರೆ ಇನ್ನು ಯಾವ ಮಗ್ಗದ ಮನೆಗೂ ಬರುವುದಿಲ್ಲ ಎಂದು ಅವಳಿಗೆ ತಿಳಿಯಿತು. ಹಾಗೆಯೇ, ಅವನ ಜೊತೆಗೆ, ಒಳಗಿನ ಮಾತು ತಿಳಿಯುವ ತನ್ನ ಕಡೆಯ ಅವಕಾಶವೂ ಹೋಗುತ್ತದೆ ಎನ್ನುವುದೂ.

“ಮುತ್ತಯ್ಯ,” ಎಂದಳು. “ಓಗೋಕೆ ಮುಂಚೆ ಒಂದು ಏಳ್ಬುಟ್ಟು ಓಗು. ಬೆಳಿಗ್ಗೆ ಹೊತ್ತು ನಮ್ಮೆಜಮಾನ್ರು ನಿನ್ನ ತಾವ ಏನು ಏಳೋರು?”

ಅವನು ಬಾಗಿಲ ಮೇಲೆ ಕೈಯಿಟ್ಟು ನಿಂತ. “ಒಳಗಿನ ಮಾತು ವರಗೆ ಏಳಂಗಿಲ್ಲ ಅವ್ವ. ಅಯ್ಯನ ಕಟ್ಟು.”

“ನಾನೀಗ ಒಳಗೇ ಇವ್ನಿ ಕಣಪ್ಪ.”

ಮುತ್ತಯ್ಯ ತಿರುಗಿ ನೋಡಿದ. ಅವಳ ಮುಖವನ್ನು ನೇರವಾಗಿ ನೋಡಿದ. ಅಷ್ಟು ಗಂಡಸರಲ್ಲಿ ಹಾಗೆ ನೋಡಿದವನು ಅವನೊಬ್ಬನೇ. ಬಂದು ತನ್ನ ಜಾಗದಲ್ಲಿ ಕೂತ.

“ದಿನಾ ಒಂದೇ ಮಾತು,” ಎಂದ. “ನೂಲು ಮುಟ್ಟೋಕೆ ಮುಂಚೆ ಏಳ್ಬೇಕು. ಮೊದ್ಲು ಅವರು, ಆಮೇಲೆ ನಾನು. ಅವರು ಇಂಗೆ ಏಳೋರು.” ಅವನು ಕಣ್ಣು ಮುಚ್ಚಿಕೊಂಡ. ಪಾಲಾರ್ ಕಡೆಯ ಎಳೆತ ಅವನ ಮಾತಿನಿಂದ ಹೋಗಿ ಬೇರೊಬ್ಬನ ನಿಧಾನ ಬಂತು. “‘ನಾನು ಚಿಕ್ಕಸಿದ್ದಯ್ಯ. ನನ್ನ ಮಗಳು ಚಿಕ್ಕತಾಯಿಗೆ ಜ್ವರ ಬಂದಿತ್ತು. ನನ್ನ ಹೆಂಡ್ತಿ ದೇವಿ ಔಷಧಿಗೆ ಕಳಿಸುದ್ಲು. ಡಾಕ್ಟ್ರು ಇದ್ರು. ಸೀಸೆ ತುಂಬಾ ಔಷಧಿ ಕೊಟ್ರು. ಬೇಗ ಓಗಪ್ಪ ಅಂದ್ರು. ದಾರೀಲಿ ಒಂದೇ ಒಂದು ಚಿಪ್ಪು ಅಂತ ಕೂತೆ. ಸೀಸೆ ಮಡಿಲಲ್ಲಿತ್ತು. ಅದು ಒಡೀಬಾರದು ಅಂತ ಎರಡು ಕೈಲೂ ಇಡ್ಕಂಡಿದ್ದೆ. ಬೆಳಿಗ್ಗೆ ಎದ್ದಾಗ ಅದು ನನ್ನ ಮಡಿಲಲ್ಲೇ ಇತ್ತು. ತುಂಬಿತ್ತು. ನಮ್ಮ ಬೀದೀಲಿ ಹೆಂಗಸರು ಅಳೋದು ಕೇಳುಸ್ತು. ಔಷಧೀನ ಚರಂಡಿಗೆ ಸುರಿದೆ. ಡಾಕ್ಟ್ರು ಇರ್ನಿಲ್ಲ ಅಂದೆ.’”

ದೇವೀರಮ್ಮನ ಕೈಯಲ್ಲಿ ಎಳೆಯಿತ್ತು. ಅವಳು ಅದನ್ನು ಬಿಡಲಿಲ್ಲ, ಹುರಿಯಲೂ ಇಲ್ಲ. ತಮಟೆ ತೀರ ದೂರವಾಗಿತ್ತು.

“ಅಷ್ಟೇನಾ?” ಎಂದಳು.

“ಇಲ್ಲ. ಕಡೇಲಿ ಇನ್ನೊಂದು ಮಾತು.” ಮುತ್ತಯ್ಯ ಕಣ್ಣು ಬಿಟ್ಟ. “‘ಇದನ್ನ ದೇವಿಗೆ ಏಳ್ಬೇಕು. ಇನ್ನೂ ಬಾಯಿ ಬರ್ನಿಲ್ಲ. ಇಲ್ಲಿ ಏಳಿ ಏಳಿ ರೂಢಿ ಮಾಡ್ಕತಾ ಇವ್ನಿ. ರೂಢಿಯಾದ ದಿನ ಓಗಿ ಏಳ್ತೀನಿ.’ ನಿನ್ನೆ ಬೆಳಿಗ್ಗೇನೂ ಏಳುದ್ರು.”

ಹೊರಗೆ ಬಿಸಿಲಿನಲ್ಲಿ ಒಂದು ಕೋಳಿ ಕೆರೆಯುತ್ತಿತ್ತು. ದೇವೀರಮ್ಮ ಕಿಂಡಿಯ ಕಡೆ ನೋಡಿದಳು. ಒಳಗಿನಿಂದ ಅದು ಬಹಳ ಹತ್ತಿರದಲ್ಲಿತ್ತು. ಮಣೆಯ ಮೇಲೆ ಕೂತವನು ಕೈ ಚಾಚಿದರೆ ಆಚೆ ನಿಂತವಳ ಬೆರಳು ಸಿಗುವಷ್ಟು. ಅವನು ಹೇಳುತ್ತಿದ್ದ, ಅವಳು ನಿಂತಿರುತ್ತಿದ್ದಳು. ನಡುವೆ ಒಂದು ಗೇಣು ಮಣ್ಣಿನ ಗೋಡೆ.

ಸಿಟ್ಟು ಬಂತು. ಅದು ಔಷಧಿ ಚೆಲ್ಲಿದ್ದಕ್ಕೋ, ರೂಢಿಯಾಗಲಿಲ್ಲ ಎಂದದ್ದಕ್ಕೋ ಅವಳಿಗೆ ಬಿಡಿಸಲಾಗಲಿಲ್ಲ. ಹನೂರಿನವನಿಗೆ, ಮಧುವನಹಳ್ಳಿಯವನಿಗೆ, ಪಾಲಾರಿನವನಿಗೆ ಹೇಳಿದವನು ಹಿತ್ತಲು ದಾಟಿ ಅಡುಗೆಮನೆಗೆ ಬರಲಾರದೇ ಹೋದನಲ್ಲ. ಬಂದಿದ್ದರೆ ತಾನೇನು ಮಾಡುತ್ತಿದ್ದೆ? ಸೌಟು ತೆಗೆದು ಹೊಡೆಯುತ್ತಿದ್ದೆನೋ ಏನೋ. ಹೊಡೆದ ಮೇಲೆ ಊಟಕ್ಕೆ ಬಡಿಸುತ್ತಿದ್ದೆ.

“ಅವ್ವಾ,” ಎಂದ ಮುತ್ತಯ್ಯ ಅಂಜುತ್ತ. “ಈಗ ನನ್ನ ಸರದಿ ಏಳ್ಲಾ?”

“ತಡಿ. ಮಣೆ ಮೇಲೆ ಕೂತಿರೋಳು ನಾನು. ಮೊದ್ಲು ನನ್ನದು.”

ಅವಳು ಸೆರಗು ಸರಿಮಾಡಿಕೊಂಡಳು.

“ನಾನು ದೇವೀರಮ್ಮ. ನನ್ನ ಮಗಳು ಚಿಕ್ಕತಾಯಿಗೆ ಜ್ವರ ಬಂದಿತ್ತು. ಆಸ್ಪತ್ರೆ ಎರಡು ಬೀದಿ ಆಚೆ. ಚನ್ನಮಲ್ಲಮ್ಮನ್ನ ಮಗು ತಾವ ಕೂರಿಸಿ ನಾನೇ ಒಂದು ಓಟ ಓಗಿ ಬರಬೋದಾಗಿತ್ತು. ಅವರನ್ನೇ ಕಳಿಸ್ದೆ. ದಾರೀಲಿ ಅಂಗಡಿ ಅದೆ ಅಂತ ಗೊತ್ತಿತ್ತು. ಗೊತ್ತಿದ್ದೇ ಕಳಿಸ್ದೆ. ಮಗಳಿಗೋಸ್ಕರವಾದ್ರೂ ನೆಟ್ಟಗೆ ಮನೆಗೆ ಬತ್ತಾರೋ ಇಲ್ವೋ, ಇವತ್ತು ನೋಡೇಬುಡನ ಅಂತ. ಸರಿಯೊತ್ತಾಯ್ತು. ಆಗಲಾದ್ರೂ ನಾನು ಓಡಬೋದಾಗಿತ್ತು. ಹಟ ಮಾಡ್ಕಂಡು ಕೂತೆ. ಮಗಾನ ಪಣಕ್ಕಿಟ್ಟು ಗಂಡನ್ನ ಪರೀಕ್ಷೆ ಮಾಡ್ದೆ.” ಅವಳು ಉಸಿರೆಳೆದುಕೊಂಡಳು. “ಇದನ್ನ ಅವರಿಗೆ ಏಳ್ನಿಲ್ಲ. ಅವರು ಮೊದ್ಲು ಏಳ್ಲಿ, ಆಮೇಲೆ ನಾನು ಏಳನ ಅಂತ ಹತ್ತೊಂಬತ್ತು ವರ್ಷ ಸಾರು ಮಾಡ್ದೆ.”

ತಮಟೆ ನಿಂತಿತು. ಇಬ್ಬರೂ ತಲೆಯೆತ್ತಿದರು. ಅಲ್ಲಿ ಈಗ ಮಣ್ಣು ಬೀಳುತ್ತಿತ್ತು.

ದೇವೀರಮ್ಮನ ಎರಡು ಕೈಯೂ ನಡುಗತೊಡಗಿದವು. ಹಿಡಿದಿದ್ದ ಎಳೆ ಗಾಳಿಗೆ ಸಿಕ್ಕ ಹಾಗೆ ಅಲುಗಿತು. ಮುತ್ತಯ್ಯ ನೋಡಿದ. ಅವಳ ಕೈಯಿಂದ ಎಳೆಯನ್ನು ಮೆಲ್ಲಗೆ ಬಿಡಿಸಿಕೊಂಡು, ಅದು ತನ್ನ ಸಾಲಿನಿಂದ ಜಾರದ ಹಾಗೆ ಎರಡು ಬೆರಳಲ್ಲಿ ಒತ್ತಿ ಹಿಡಿದು ಕೂತ. ಅವಳ ಕೈ ತಹಬಂದಿಗೆ ಬರುವ ತನಕ ಹಾಗೆಯೇ ಹಿಡಿದಿದ್ದ. ಆಮೇಲೆ ತನ್ನ ಮಾತು ಶುರುಮಾಡಿದ.

“ನಾನು ಮುತ್ತಯ್ಯ. ನನ್ ತಂಬಿಯೂ ನಾನೂ ಪಾಲಾರ್ ಹೊಳೇಲಿ ಗಾಡಿ ಇಳಿಸಿದ್ವಿ. ನೀರು ಏರ್ತಾ ಇತ್ತು. ನಾನು ಕುಡಿದು ಬಿದಿರ ಮೇಲೆ ಮಲಗಿದ್ದೆ. ಎತ್ತು ಬಿಚ್ಚಣ್ಣ ಅಂತ ಅವನು ಕೂಗ್ದ. ಎರಡು ಸಾರಿ ಕೂಗ್ದ. ಕೇಳುಸ್ತು ಅವ್ವ, ನಂಗೆ ಕೇಳುಸ್ತು. ಏಳಕಾಗ್ನಿಲ್ಲ. ಅವನೇ ನೀರಿಗೆ ಧುಮುಕಿ ನೊಗ ಬಿಚ್ದ. ಎತ್ತು ದಡಕ್ಕೆ ಬಂದ್ವು. ಅವನು...”

ಅವಳು ಸಮಾಧಾನ ಹೇಳಲಿಲ್ಲ. “ಕೊಡು,” ಎಂದಳು. ಅವನು ಕೊಟ್ಟ. ಹುರಿದಳು. “ಕೊಡು.” ಕೊಟ್ಟ. ಹುಳಿ ವಾಸನೆ ಇನ್ನೂ ಬರುತ್ತಲೇ ಇತ್ತು. ಒಂದೆರಡು ಸಲ ಅವನ ತಲೆ ಬಾಗಿಲ ಕಡೆ ತಿರುಗಿತು. ಅವಳು ಕೈ ಚಾಚಿಕೊಂಡೇ ಇದ್ದಳು, ಅವನು ಮತ್ತೆ ಎಳೆಗೆ ಬಂದ. ಹತ್ತಾಯಿತು, ಇಪ್ಪತ್ತಾಯಿತು. ಆಮೇಲೆ ಇಬ್ಬರೂ ಎಣಿಸುವುದನ್ನು ಬಿಟ್ಟರು. ಗೋಡೆಯ ಬಿಸಿಲು ನೆಲಕ್ಕಿಳಿದು ಚಾಪೆಯ ಮೇಲೆ ಹರಿಯಿತು. ನಡುವೆ ಅವನು ಕೇಳಿದ: “ನಾಳೆ ಬೆಳಿಗ್ಗೆ ಯಾರು ಕೂರ್ತಾರವ್ವ ಈ ಮಣೆ ಮೇಲೆ?”

“ಕೊಡು,” ಎಂದಳು.

ಸ್ವಲ್ಪ ಹೊತ್ತಿನಲ್ಲಿ ಕೊಡುವ ಕೈ ನಿಂತಿತು. ನೋಡಿದರೆ ಮುತ್ತಯ್ಯ ಕೂತಲ್ಲೇ ನಿದ್ದೆ ಹೋಗಿದ್ದ. ತಲೆ ಗೋಡೆಗೆ ಒರಗಿ ಬಾಯಿ ಚೂರು ತೆರೆದಿತ್ತು. ಕೊಡಬೇಕಾಗಿದ್ದ ಎಳೆ ಬೆರಳುಗಳ ನಡುವೆ ಇನ್ನೂ ಇತ್ತು.

ಹಿತ್ತಲಿನಲ್ಲಿ ಹೆಜ್ಜೆಯ ಸದ್ದಾಯಿತು. ಮಣ್ಣು ಮುಗಿಸಿ, ಸ್ನಾನ ಮಾಡಿ ಬಂದವರ ಒದ್ದೆ ಪಂಚೆಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಯಾರೋ ಕೊಟ್ಟಿಗೆಗೆ ಹೋಗಿ ಬಂದರು. “ಮಡಕೆ ಮುಟ್ಟಿಲ್ಲ ಕಣ್ಲಾ,” ಎಂದು ದೊಡ್ಡಮಾದಯ್ಯ ಪಿಸುಗುಟ್ಟಿದ್ದು ಕೇಳಿಸಿತು. ಆಮೇಲೆ ಗೋವಿಂದಯ್ಯನ ದನಿ, ಬಾಗಿಲಿಗೆ ತೀರ ಹತ್ತಿರದಿಂದ: “ಅವ್ವಾ... ಮುತ್ತಯ್ಯ ಒಳಗೇ ಅವ್ನೆ ತಾನೆ?”

ದೇವೀರಮ್ಮ ಹೊಸ ಹಾಸಿನಿಂದ ಒಂದೆಳೆ ಬಿಡಿಸಿಕೊಂಡು, ಮಂಡಿಯ ಮೇಲೆ ಮುಂದಕ್ಕೆ ಸರಿದು, ನಿದ್ದೆ ಹೋದವನ ಬೆರಳುಗಳಿಂದ ಹಳೆಯ ಎಳೆಯನ್ನು ಕೀಳದೆ, ಅದು ಇದ್ದ ಹಾಗೇ ಅವನ ಕೈಯಲ್ಲೇ ಅದರ ತುದಿಗೆ ಸೇರಿಸಿ ಹುರಿಯತೊಡಗಿದಳು.